ಹಮ್ಮಾದಿಯ ಕಂಪ್ಯೂಟರಿಗೆ ಅಭ್ಯಂಜನ

ಎಲ್ಲದಕ್ಕೂ ಕಾರಣ ಒಂದು ಫ್ಯಾನು. ಹಮ್ಮಾದಿಯ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಅಂಗೈಯಗಲದ ಆ ಫ್ಯಾನು ಬೇಸಿಗೆ ಬಂತೆಂದರೆ ಏದುಸಿರು ಬಿಡತೊಡಗುತ್ತಿತ್ತು. ಮರಳುಗಾಡಿನ ಕಡೆಯಿಂದ ಬಿಸಿಗಾಳಿ ಬೀಸುವ ದಿನ ಸ್ಫಾಕ್ಸ್ ಪಟ್ಟಣದ ಬೆಕ್ಕುಗಳು ಕೂಡ ನೆರಳು ಬಿಟ್ಟು ಏಳುವುದಿಲ್ಲ. ಅಂಥ ದಿನಗಳಲ್ಲೇ ಈ ಫ್ಯಾನು ದಿಬ್ಬ ಹತ್ತುವ ಮುದಿ ಬಸ್ಸಿನಂತೆ ಅರಚಿ, ಕೆಮ್ಮಿ, ಕೊನೆಗೆ ಗಪ್ಪಾಗುತ್ತಿತ್ತು. ಅದರ ಹಿಂದೆಯೇ ಕಂಪ್ಯೂಟರೂ ಕಣ್ಣು ಮುಚ್ಚುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಒಂದು ಬೈಗುಳ ಬೈದು ಮಲಗಿಬಿಡುತ್ತಿದ್ದರು. ಹಮ್ಮಾದಿಗೆ ಆ ಭಾಗ್ಯವಿರಲಿಲ್ಲ. ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ತಲೆಗೂದಲು ಉದುರಿಸಿಕೊಂಡ ಈ ಮನುಷ್ಯ ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲನೆಯವನಾಗಿ ಬಂದವನಲ್ಲ. ಶಾಲೆಯ ಓಟದಲ್ಲಿ ಅವನ ಮುಂದೆ ಯಾವಾಗಲೂ ಒಬ್ಬ ಇರುತ್ತಿದ್ದ. ಬಡ್ತಿಯ ಸಾಲಿನಲ್ಲಿಯೂ ಇದ್ದ. ಆದರೆ ಅಂತರ್ಜಾಲದ ಚದುರಂಗದಲ್ಲಿ ಮಾತ್ರ ಹಮ್ಮಾದಿ ‘ರೈಲುರಾಜ’ ಎಂಬ ಹೆಸರಿನಲ್ಲಿ ಈ ವರ್ಷ ಸಿಕ್ಕಸಿಕ್ಕವರಿಗೆಲ್ಲ ಮಣ್ಣು ಮುಕ್ಕಿಸಿ, ದೇಶಮಟ್ಟದ ಪಂದ್ಯಾವಳಿಯ ಫೈನಲ್ಲಿಗೆ ಬಂದು ನಿಂತಿದ್ದ. ಎದುರಾಳಿಯ ಹೆಸರು ‘ಮೂಕ ಒಂಟೆ’. ಯಾರು, ಎಲ್ಲಿಯವರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆ ಬಿಗಿ ಆಟ ನೋಡಿ ಹಮ್ಮಾದಿ ಅವನೊಬ್ಬ ನಿವೃತ್ತ ಕರ್ನಲ್ ಇರಬೇಕೆಂದು ತೀರ್ಮಾನಿಸಿ, ಮನಸ್ಸಿನಲ್ಲೇ ಅವನಿಗೆ ಗಿರಿಜಾ ಮೀಸೆಯನ್ನೂ ಅಂಟಿಸಿಬಿಟ್ಟಿದ್ದ.

ಫೈನಲ್ ಇವತ್ತು ಸಂಜೆ ಐದಕ್ಕೆ. ಸಮಯಕ್ಕೆ ಬಾರದವರು ಸೋತಂತೆ. ನಿನ್ನೆ ಅಭ್ಯಾಸಕ್ಕೆ ಕೂತಾಗ ಕಂಪ್ಯೂಟರು ಎರಡು ಸಲ ಮೂರ್ಛೆ ಹೋಗಿತ್ತು.

ಹಾಗಾಗಿ ಹಮ್ಮಾದಿ ಬಹಳ ದಿನಗಳಿಂದ ತಲೆಯಲ್ಲಿ ಕುದಿಸುತ್ತಿದ್ದ ಯೋಜನೆಗೆ ಇವತ್ತೇ ಕೈಹಾಕಿದ. ಕಂಪ್ಯೂಟರಿನ ಕರುಳುಗಳನ್ನೆಲ್ಲ ಬಿಚ್ಚಿ, ಗಾಜಿನ ತೊಟ್ಟಿಯೊಳಗಿಟ್ಟು, ಮೇಲೆ ಶುದ್ಧವಾದ ಎಣ್ಣೆ ಸುರಿಯುವುದು. ಎಣ್ಣೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಬಿಸಿ ಹೀರಿಕೊಳ್ಳುತ್ತದೆ, ಸದ್ದಂತೂ ಇಲ್ಲವೇ ಇಲ್ಲ. ಹೆಂಡತಿ ಬಹೀಜಾ ಇದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ವಸ್ತು ಹಜಾರದಲ್ಲಿರಬೇಕು, ನೋಡಿದವರು ಬಾಯಿ ಬಿಡುವಂತಿರಬೇಕು. ಅವಳಿಗೆ ಮೊದಲಿನಿಂದಲೂ ಹಜಾರದಲ್ಲೊಂದು ಮೀನಿನ ತೊಟ್ಟಿ ಬೇಕಿತ್ತು. ಮೀನಿಲ್ಲದಿದ್ದರೂ ತೊಟ್ಟಿಯಾದರೂ ಬಂತಲ್ಲ ಎಂದು ಬಿಳಿ ಮರಳು, ಕಪ್ಪೆಚಿಪ್ಪು, ಕೆರ್ಕೆನ್ನಾ ದ್ವೀಪದವರು ಆಕ್ಟೋಪಸ್ ಹಿಡಿಯಲು ಕಡಲಿಗಿಳಿಸುವಂಥ ಪುಟ್ಟ ಮಣ್ಣಿನ ಗಡಿಗೆ, ನೀಲಿ ದೀಪ ಎಲ್ಲವನ್ನೂ ಹೊಂದಿಸಿಟ್ಟಳು.

ಉಳಿದದ್ದು ಎಣ್ಣೆ. ಎಣ್ಣೆ ಬೇಕು ಎಂಬ ಮಾತು ಸ್ಫಾಕ್ಸಿನಲ್ಲಿ ಬಾಯಿಂದ ಬೀಳಬಾರದು. ಕೆಳಮನೆಯ ಹಾಜಿ ತಿಜಾನಿ ಆಲಿವ್ ತೋಟದ ಯಜಮಾನರು. ಸುದ್ದಿ ಕಿವಿಗೆ ಬಿದ್ದಿದ್ದೇ ತಡ, ಎರಡು ಕೈಯಲ್ಲೂ ಡಬ್ಬ ಹಿಡಿದು ಮೇಲೆ ಹತ್ತಿ ಬಂದರು. ಆಲಿವ್ ಎಣ್ಣೆ ಕೆಲವು ತಿಂಗಳಿಗೆ ಕಮಟು ಹಿಡಿಯುತ್ತದೆ, ಇದಕ್ಕೆ ಬೇಕಾದದ್ದು ಔಷಧಿ ಅಂಗಡಿಯ ಪ್ಯಾರಾಫಿನ್ ಎಣ್ಣೆ ಎಂದು ಹಮ್ಮಾದಿ ವಿನಯದಿಂದಲೇ ಹೇಳಿದ. ಹಾಜಿಯವರ ಮುಖ ಬಾಡಿದ ಮೂಲಂಗಿಯಂತಾಯಿತು.

“ನಮ್ಮಜ್ಜನ ಕಾಲದಿಂದ ಈ ಎಣ್ಣೇಲಿ ಮಗೂಗೆ ಸ್ನಾನ ಮಾಡ್ಸಿದೀವಿ, ಹೆಣಕ್ಕೂ ಹಚ್ಚಿದೀವಿ. ನಿನ್ನ ತಗಡಿನ ಡಬ್ಬಿಗೆ ಆಗಲ್ವಾ?” ಎಂದರು. ಆಮೇಲೆ ಹೋಗಲೂ ಇಲ್ಲ. ಡಬ್ಬಗಳನ್ನು ಕಾಲ ಬಳಿ ಇಟ್ಟುಕೊಂಡು ಸೋಫಾದ ಮೇಲೆ ಠಿಕಾಣಿ ಹೂಡಿದರು.

ಪ್ಯಾರಾಫಿನ್ ಎಣ್ಣೆಯನ್ನು ಜನ ಕೊಳ್ಳುವುದು ಒಂದೇ ಕಾರಣಕ್ಕೆ, ಹೊಟ್ಟೆ ಕಟ್ಟಿಕೊಂಡಾಗ. ಎರಡು ಚಮಚ ಕುಡಿದರೆ ಬೆಳಗಾಗುವಷ್ಟರಲ್ಲಿ ಪರಿಹಾರ. ಹಮ್ಮಾದಿಗೆ ಬೇಕಾದದ್ದು ಒಂದು ತೊಟ್ಟಿಯಷ್ಟು. ಬೀದಿ ಕೊನೆಯ ಔಷಧಿ ಅಂಗಡಿಯ ವಸೀಲಾ ಮೇಡಂ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಕಡಿಮೆ ಮಾತಿನ ಹೆಂಗಸು. ಅವರ ಮೌನವೇ ಗಿರಾಕಿಗಳಿಂದ ಅರ್ಧ ಕಾಯಿಲೆಯನ್ನು ಹೊರಗೆಳೆಯುತ್ತಿತ್ತು. ಕಪಾಟಿನಲ್ಲಿದ್ದ ಬಾಟಲಿಗಳೆಲ್ಲ ಬೇಕೆಂದಾಗ ಅವರು ಕೇಳಿದ್ದು ಇಷ್ಟೇ:

“ಮನೇಲಿ ಎಷ್ಟು ಜನ?”

“ನಾನು, ನನ್ನ ಹೆಂಡ್ತಿ. ಆದ್ರೆ ಇದು ನಮಗಲ್ಲ ಮೇಡಂ, ಕಂಪ್ಯೂಟರಿಗೆ.”

ಹೀಗೆ ನಾಚಿಕೊಂಡು ಮಾತು ತಿರುಗಿಸುವವರನ್ನು ಅವರು ದಿನವೂ ನೋಡುತ್ತಿದ್ದರು. ದಿನಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಬೇಡ, ನೀರು ಜಾಸ್ತಿ ಕುಡಿಯಿರಿ, ಮೂರು ದಿನ ದಾಟಿದರೆ ಆಸ್ಪತ್ರೆಗೆ ಹೋಗಿ ಎಂದು ತಗ್ಗಿದ ದನಿಯಲ್ಲಿ ಹೇಳಿ ಬಾಟಲಿಗಳನ್ನು ಕಪ್ಪು ಚೀಲದಲ್ಲಿ ಹಾಕಿಕೊಟ್ಟರು. ಅಷ್ಟು ಸಾಲದೆ ಹಮ್ಮಾದಿ ಇನ್ನೆರಡು ಅಂಗಡಿಗೆ ಓಡಿದ. ಒಂದರಲ್ಲಿ ಬಹೀಜಾಳ ಚಿಕ್ಕಮ್ಮನ ಮಗಳು ಸಿಕ್ಕಳು, ಇನ್ನೊಂದರಲ್ಲಿ ಸ್ಟೇಷನ್ ಮಾಸ್ತರರು. ಇಬ್ಬರೂ ಚೀಲದ ಕಡೆ ನೋಡಿ, ಅವನ ಹೊಟ್ಟೆಯ ಕಡೆ ನೋಡಿ, ಮರುಕದಿಂದ ತಲೆ ಅಲ್ಲಾಡಿಸಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಎದುರುಮನೆಯವರು ನೆನೆಸಿದ ಅಂಜೂರ ಕಳಿಸಿದ್ದರು. ಮೇಲಿನವರು ಬಾರ್ಲಿ ಗಂಜಿ ಕಳಿಸಿದ್ದರು. ಬಹೀಜಾ ನಾಚಿಕೆಯಿಂದ ಕೆಂಪಗಾಗಿ ಅಡುಗೆಮನೆ ಸೇರಿದ್ದಳು. ಕಟ್ಟಡಕ್ಕೆಲ್ಲ ಹಿರಿಯರಾದ ಲಲ್ಲಾ ದೂಜಾ ಗೋಡೆ ಹಿಡಿದುಕೊಂಡು ಬಂದು, ತಮ್ಮ ಗಂಡನೂ ಹೀಗೇ ಕಷ್ಟಪಟ್ಟು ಕೊನೆಗೆ ಸೋನಾಮುಖಿ ಕಷಾಯ ಕುಡಿದು ಓಡಾಡಿದ ಮೇಲೆ ಸರಿಹೋದ ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದರು. ಇದು ಕಂಪ್ಯೂಟರಿಗೆ ಅಜ್ಜಿ ಎಂದು ಹಮ್ಮಾದಿ ಹೇಳಿದಷ್ಟೂ ಅವರು ಹೌದಪ್ಪ ಹೌದು ಎಂದು ಅವನ ಬೆನ್ನು ಸವರಿದರು.

ಅವನಿಗೆ ಸಮಜಾಯಿಷಿ ಹೇಳುತ್ತ ಕೂರುವ ವ್ಯವಧಾನವಿರಲಿಲ್ಲ. ಗಡಿಯಾರ ಅವನ ಬೆನ್ನ ಹಿಂದೆ ಓಡುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ತಿರುಪು ಬಿಚ್ಚಿದ, ತಿರುಪು ಕಳೆದುಕೊಂಡ, ಹಾಜಿಯವರು ಅದರ ಮೇಲೇ ಕೂತಿದ್ದಾರೆಂದು ತಿಳಿದು ಅವರನ್ನು ಏಳಿಸಿದ, ಮತ್ತೆ ಕೂರಿಸಿದ. ಎಣ್ಣೆ ಸೇರಬಾರದ ಹಾರ್ಡ್ ಡಿಸ್ಕಿನ ಡಬ್ಬಿಯನ್ನು ಹೊರಗಿಟ್ಟು ಉಳಿದದ್ದನ್ನೆಲ್ಲ ಮರಳಿನ ಮೇಲೆ ನಿಲ್ಲಿಸಿದ. ಆಮೇಲೆ ಒಂದೊಂದೇ ಬಾಟಲಿ ಬಗ್ಗಿಸಿದ. ನೆರೆಯವರೆಲ್ಲ ಕತ್ತು ಚಾಚಿ ನೋಡಿದರು. ಹೊಟ್ಟೆಗೆ ಹೋಗಬೇಕಾದದ್ದು ತೊಟ್ಟಿಗೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ಅವನ ಹೊಟ್ಟೆಯ ಚಿಂತೆ ಬಿಟ್ಟು ತಲೆಯ ಚಿಂತೆ ಹತ್ತಿತು.

ಹಮ್ಮಾದಿ ಗುಂಡಿ ಒತ್ತಿದ.

ಏನೂ ಕೇಳಿಸಲಿಲ್ಲ. ನೀಲಿ ದೀಪ ಹೊತ್ತಿತು. ಎಣ್ಣೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಮುತ್ತಿನ ಸರದಂತೆ ಏಳತೊಡಗಿದವು. ತಂತಿಗಳು, ಚಿಪ್ಪುಗಳು, ಮಣ್ಣಿನ ಗಡಿಗೆ ಎಲ್ಲವೂ ಕಡಲ ತಳದ ಯಾವುದೋ ಅರಮನೆಯಂತೆ ಹೊಳೆದವು. ಪರದೆಯ ಮೇಲೆ ಚದುರಂಗದ ಹಾಸು ಬಂತು. ಬಹೀಜಾ ಅಡುಗೆಮನೆಯಿಂದ ಹೊರಗೆ ಬಂದು ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವವಳಂತೆ ಭುಜ ಮುಟ್ಟಿಕೊಂಡಳು. ಗಂಡನ ಕಡೆ ಅವಳು ಹಾಗೆ ನೋಡಿ ಬಹಳ ವರ್ಷವಾಗಿತ್ತು. ಹಾಜಿ ತಿಜಾನಿಯವರು ಕೂಡ ಚೆನ್ನಾಗಿದೆ, ಬಣ್ಣ ಮಾತ್ರ ಕಮ್ಮಿ ಎಂದು ಒಪ್ಪಿಕೊಂಡರು.

ಐದಕ್ಕೆ ಇನ್ನೂ ಹೊತ್ತಿತ್ತು. ಹಮ್ಮಾದಿ ಮುಖ ತೊಳೆದು ಬರುತ್ತೇನೆಂದು ಎದ್ದ. ಕರ್ನಲನನ್ನು ಬೆವರು ಮುಖದಲ್ಲಿ ಎದುರಿಸಲು ಅವನಿಗೆ ಮನಸ್ಸಾಗಲಿಲ್ಲ.

ಲಲ್ಲಾ ದೂಜಾಗೆ ಮಾತ್ರ ತೊಟ್ಟಿ ನೋಡಿ ಎದೆಯಲ್ಲಿ ಅಳುಕು. ಇಷ್ಟು ಚೆಂದದ ವಸ್ತು ಹೊಸದಾಗಿ ಮನೆಗೆ ಬಂದಿದೆ, ಇಷ್ಟು ಜನರ ಕಣ್ಣು ಬಿದ್ದಿದೆ, ಒಳಗೆ ಒಂದು ಮೀನೂ ಇಲ್ಲ. ದೃಷ್ಟಿ ತಾಗದಿರಲೆಂದು ಸ್ಫಾಕ್ಸಿನಲ್ಲಿ ಮದುಮಕ್ಕಳು ಕೂಡ ಮೀನು ದಾಟಿದ ಮೇಲೇ ಹೊಸ ಬಾಳಿಗೆ ಕಾಲಿಡುವುದು. ಅವರು ತಮ್ಮ ಮನೆಗೆ ಹೋಗಿ, ಮೊಮ್ಮಗಳು ಕಿಟಕಿಯಲ್ಲಿಟ್ಟು ಸಾಕುತ್ತಿದ್ದ ಎರಡು ಕೆಂಪು ಮೀನುಗಳನ್ನು ಬೋಗುಣಿಸಮೇತ ತಂದರು. ದೇವರ ಹೆಸರು ಹೇಳಿದರು. ಬೋಗುಣಿಯನ್ನು ತೊಟ್ಟಿಗೆ ಬಗ್ಗಿಸಿದರು.

ನೀರು ಎಣ್ಣೆಯ ಮೇಲೆ ನಿಲ್ಲುವ ವಸ್ತುವಲ್ಲ. ಗಾಜಿನ ಗುಂಡುಗಳಂತೆ ಅದು ನೇರ ತಳಕ್ಕೆ ಇಳಿಯಿತು. ಅದರ ಜೊತೆಗೆ ಗಾಬರಿ ಬಿದ್ದ ಮೀನುಗಳೂ ಇಳಿದವು. ತಳದಲ್ಲಿದ್ದದ್ದು ಕಂಪ್ಯೂಟರಿನ ಜೀವಸ್ಥಾನ. ಚಟ್ ಎಂದು ಒಂದು ಸದ್ದಾಯಿತು; ಇಡೀ ದಿನದಲ್ಲಿ ಆ ತೊಟ್ಟಿ ಮಾಡಿದ ಮೊದಲ ಸದ್ದು. ನೀಲಿ ದೀಪ ಆರಿತು. ಹಜಾರದ ದೀಪ, ಅಡುಗೆಮನೆಯ ಫ್ರಿಜ್, ಎಲ್ಲವೂ ಆರಿದವು.

ಹಮ್ಮಾದಿ ಮುಖದ ತುಂಬ ಸೋಪಿನ ನೊರೆಯೊಂದಿಗೆ ಓಡಿ ಬಂದ. ಬೋಗುಣಿ ನೋಡಿದ, ಅಜ್ಜಿಯನ್ನು ನೋಡಿದ, ತೊಟ್ಟಿಯ ತಳದಲ್ಲಿ ಅಂಗೈಯಷ್ಟು ನೀರಿಗೆ ಒಂದರ ಪಕ್ಕ ಒಂದು ಅಂಟಿಕೊಂಡಿದ್ದ ಮೀನುಗಳನ್ನು ನೋಡಿದ. ಬೈಯಲು ಬಾಯಿ ತೆರೆದರೆ ಸೋಪು ಒಳಗೆ ಹೋಯಿತು. ಬಹೀಜಾಳ ಫೋನು ಕಸಿದುಕೊಂಡು ಅದರಲ್ಲೇ ಪಂದ್ಯಕ್ಕೆ ಕೂರಲು ನೋಡಿದ. ಗುಪ್ತಪದ ಕೇಳಿತು. ಅದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದು ಕಂಪ್ಯೂಟರೇ ಹೊರತು ಅವನಲ್ಲ. ತನ್ನ ಹೆಸರು, ಹೆಂಡತಿಯ ಹೆಸರು, ಕೊನೆಗೆ ಸ್ಟೇಷನ್ನಿನ ಹೆಸರನ್ನೂ ಹಾಕಿದ. ಫೋನು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು. ಹಮ್ಮಾದಿ ನೆಲದ ಮೇಲೆ ಕುಸಿದು ತಲೆ ಹಿಡಿದುಕೊಂಡ. “ಎಣ್ಣೆ,” ಎಂದ. “ಎಣ್ಣೆ ಹೋಯ್ತು.”

ಬಾಯಿಂದ ನೊರೆ, ನೆಲದ ಮೇಲೆ ಮನುಷ್ಯ, ನಾಲಿಗೆಯ ಮೇಲೆ ಎಣ್ಣೆಯ ಮಾತು. ಹಾಜಿ ತಿಜಾನಿಯವರು ಇನ್ನು ತಡಮಾಡಲಿಲ್ಲ. ಆ ವಯಸ್ಸಿನಲ್ಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬೀದಿ ಕೊನೆಗೆ ಓಡಿದರು.

ವಸೀಲಾ ಮೇಡಂ ಬರುವಾಗ ಅವರ ಕನ್ನಡಕ ಓರೆಯಾಗಿತ್ತು. ಬಿಳಿ ಕೋಟಿನ ಗುಂಡಿಗಳು ಒಂದು ಮನೆ ತಪ್ಪಿದ್ದವು. ಬಂದವರೇ ಮಂಡಿಯೂರಿ ಹಮ್ಮಾದಿಯ ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು, ಎಷ್ಟು ಬಾಟಲಿ ಕುಡಿದಿರಿ ಎಂದು ಕೇಳಿದರು. ಬಹೀಜಾ ತೊಟ್ಟಿಯ ಕಡೆ ಕೈ ತೋರಿಸಿದಳು. ಮೇಡಂ ಎದ್ದು ಅದರೊಳಗೆ ಬಗ್ಗಿ ನೋಡಿದರು. ಕಂಪ್ಯೂಟರಿಗೆ ಎಂದಾಗ ಈ ಮನುಷ್ಯ ಕಂಪ್ಯೂಟರಿಗೇ ಎಂದಿದ್ದ. ಆಮೇಲೆ ಕೋಟಿನ ತೋಳು ಮಡಿಸಿ, ಅಡುಗೆಮನೆಯ ಸೌಟು ತರಿಸಿ, ಮೀನುಗಳನ್ನು ಮೆಲ್ಲನೆ ಎತ್ತಿ ನೀರಿನ ಬಟ್ಟಲಿಗೆ ಬಿಟ್ಟರು. ಎರಡೂ ಬದುಕಿದ್ದವು. ನೆರೆಯವರೆಲ್ಲ ಬಟ್ಟಲಿನ ಸುತ್ತ ನೆರೆದರು.

ಬಹೀಜಾ ಪುದೀನ ಚಹಾ ತಂದಳು. ಮೇಡಂ ಗ್ಲಾಸು ಹಿಡಿದು ಸೋಫಾದ ತುದಿಯಲ್ಲಿ ಕೂತರು. ಗೋಡೆ ಗಡಿಯಾರ ಐದೂವರೆ ತೋರಿಸುತ್ತಿತ್ತು.

“ಪರವಾಗಿಲ್ಲ,” ಎಂದರು ಮೇಡಂ, ಯಾರೂ ಕ್ಷಮೆ ಕೇಳದಿದ್ದರೂ. “ಜೀವಕ್ಕಿಂತ ಆಟ ದೊಡ್ಡದಲ್ಲ. ನಾಲ್ಕು ವರ್ಷದಿಂದ ಕಾದಿದ್ದೆ, ಅಷ್ಟೇ.”

“ಯಾವ ಆಟ?” ಎಂದ ಹಮ್ಮಾದಿ.

ಚದುರಂಗ, ಫೈನಲ್ಲು, ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದೆ, ಐದು ಹೊಡೆಯುವ ಮೊದಲೇ ಹಾಜಿಯವರು ನುಗ್ಗಿದರು ಎಂದು ಮೇಡಂ ಹೇಳಿದರು. ಎದುರಾಳಿ ಯಾವನೋ ರೈಲುರಾಜನಂತೆ. ಆಟ ನೋಡಿದರೆ ಹುಡುಗುಬುದ್ಧಿಯವನು, ಇಪ್ಪತ್ತು ದಾಟಿರಲಿಕ್ಕಿಲ್ಲ. ಈಗ ಕುಣಿಯುತ್ತಿರುತ್ತಾನೆ.

ಹಮ್ಮಾದಿಯ ಕಣ್ಣಮುಂದೆ ಕರ್ನಲನ ಗಿರಿಜಾ ಮೀಸೆ ಕಳಚಿ ಬಿತ್ತು.

“ಕುಣೀತಿಲ್ಲ ಮೇಡಂ,” ಎಂದ. “ನಿಮ್ಮ ಎದುರಿಗೇ ಕೂತಿದ್ದಾನೆ.”

ಮೂಕ ಒಂಟೆ ಚಹಾದ ಗ್ಲಾಸನ್ನು ಕೆಳಗಿಟ್ಟಿತು. ಇವನು ಹಾಜರಿದ್ದಿದ್ದರೆ ಇವನು ಗೆದ್ದಿರುತ್ತಿದ್ದ, ಅವರು ಹಾಜರಿದ್ದಿದ್ದರೆ ಅವರು. ಮೇಡಂ ಫೋನು ತೆಗೆದು ನೋಡಿದರು. ಪಂದ್ಯಾವಳಿಯವರ ಸೂಚನೆ ಆಗಲೇ ಬಂದಿತ್ತು: ಇಬ್ಬರೂ ಗೈರುಹಾಜರಾದ ಕಾರಣ ಬಹುಮಾನ ಮೂರನೆಯ ಸ್ಥಾನದವರಿಗೆ. ಗಾಬೆಸ್ ಊರಿನ ಯಾರೋ ಅಂಚೆಯವನಂತೆ.

ಹಮ್ಮಾದಿ ಎದ್ದು ಬೀರುವಿನಿಂದ ಮರದ ಚದುರಂಗದ ಹಲಗೆ ತಂದ. ಕೇಳದೆಯೇ ಕಾಯಿ ಜೋಡಿಸಿದ. ಮೇಡಂ ಕೇಳದೆಯೇ ಕಪ್ಪು ಕಾಯಿಗಳ ಕಡೆ ಜರುಗಿದರು. ಕಿಟಕಿಯ ಬೆಳಕಿನಲ್ಲೇ ಆಟ ನಡೆಯಿತು. ಹಮ್ಮಾದಿ ತನ್ನ ಜೀವಮಾನದಲ್ಲಿ ಹಾಗೆ ಆಡಿರಲಿಲ್ಲ. ಕುದುರೆಯನ್ನು ಬಲಿ ಕೊಟ್ಟ, ಮಂತ್ರಿಯನ್ನು ಬಿಟ್ಟುಕೊಡುವಂತೆ ನಟಿಸಿದ, ಕೊನೆಗೆ ಒಂದು ಬಡ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ ಕಪ್ಪು ರಾಜನಿಗೆ ದಾರಿಯೇ ಇಲ್ಲದಂತೆ ಮಾಡಿದ. ಮೇಡಂ ತಮ್ಮ ರಾಜನನ್ನು ಹಲಗೆಯ ಮೇಲೆ ಮಲಗಿಸಿದರು.

ಹಮ್ಮಾದಿ ಎದೆಯುಬ್ಬಿಸಿ ತಲೆ ಎತ್ತಿದ. ಹಜಾರದಲ್ಲಿದ್ದವರೆಲ್ಲ ಅವನಿಗೆ ಬೆನ್ನು ಹಾಕಿ ಬಟ್ಟಲಿನ ಮೇಲೆ ಬಗ್ಗಿದ್ದರು. ಒಂದು ಮೀನು ಈಗಷ್ಟೇ ರೊಟ್ಟಿಯ ತುಣುಕು ತಿಂದಿತ್ತಂತೆ. ಇನ್ನೊಂದೂ ತಿನ್ನುತ್ತದೆಯೇ ಎಂದು ಬಹೀಜಾ ಉಸಿರು ಬಿಗಿಹಿಡಿದಿದ್ದಳು.

ವಸೀಲಾ ಮೇಡಂ ಕೋಟಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಂಡರು, ಕಾಯಿಗಳನ್ನು ಒಂದೇ ಕೈಯಲ್ಲಿ ಬಾಚಿ ಪೆಟ್ಟಿಗೆಗೆ ತುಂಬಿದರು, ಚೀಲ ಎತ್ತಿಕೊಂಡರು.

“ಒಳ್ಳೇ ಆಟ ಆಡಿದ್ರಿ,” ಎಂದರು ಬಾಗಿಲ ಬಳಿ, ಅವನಿಗಷ್ಟೇ ಕೇಳುವಂತೆ. “ಯಾರಾದ್ರೂ ಕೇಳಿದ್ರೆ ಮಾತ್ರ ಸೋತೆ ಅಂತ ನಾನು ಒಪ್ಪಲ್ಲ.”