ಆನ್ ಇರಲಿ ಬಿಡು

ವೈರ್‌ಲೆಸ್ಸಪ್ಪನವರ ಮನೆಯಲ್ಲಿ ಆರು ವರ್ಷದಿಂದ ನಡೆಯುತ್ತಿದ್ದ ಜಗಳ ಒಂದೇ. ಪೆಟ್ಟಿಗೆ ಆನ್ ಇರಬೇಕೋ, ಆಫ್ ಆಗಬೇಕೋ?

ಪೆಟ್ಟಿಗೆ ಅಂದರೆ ಅವರ ಹವ್ಯಾಸದ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ, ಕಂಡು ಕೇಳರಿಯದ ಊರುಗಳ ಹವ್ಯಾಸಿಗಳ ಜೊತೆ ಹರಟುವುದು ಅವರ ಚಟ. ಆಫೀಸಿನವರು ಅವರಿಗೆ ಈ ಹೆಸರಿಟ್ಟದ್ದು ಅದಕ್ಕೇ. ಈಚೆಗೆ ಅವರು ಪೆಟ್ಟಿಗೆಯನ್ನು ಫೋನಿಗೆ ಜೋಡಿಸಿಕೊಂಡಿದ್ದರು. ಪೆಟ್ಟಿಗೆ ಮನೆಯಲ್ಲಿ, ಯಜಮಾನರು ಬಸ್ಸಿನಲ್ಲಿ. ಫೋನಿನ ಪರದೆಯ ಗುಂಡಿ ಒತ್ತಿ ಮಾತಾಡಿದರೆ ಮಾತು ಮನೆಯ ಆಂಟೆನಾದಿಂದ ಹೊರಡುತ್ತಿತ್ತು.

ಹೆಂಡತಿಯ ವಾದ ಸರಳವಾಗಿತ್ತು. "ಮನುಷ್ಯರೇ ಇಲ್ಲದ ಕೋಣೇಲಿ ಅದೊಂದು ಯಾಕ್ರೀ ಎದ್ದು ಕೂತಿರಬೇಕು? ಹೋಗುವಾಗ ಆರಿಸಿ ಹೋಗಿ."

"ಹಾಕೋದು ಆರಿಸೋದು ಮಾಡಿದ್ರೇನೇ ಯಂತ್ರ ಹಾಳಾಗೋದು ಕಣೇ. ಆನ್ ಇರಲಿ ಬಿಡು," ಎನ್ನುತ್ತಿದ್ದರು ಇವರು. ಎಷ್ಟು ಧೈರ್ಯವಾಗಿ ಹೇಳುತ್ತಿದ್ದರೆಂದರೆ, ಯಂತ್ರವೇ ಬಂದು ಇವರ ಕಿವಿಯಲ್ಲಿ ಹೇಳಿ ಹೋಗಿದೆಯೇನೋ ಅನ್ನಿಸಬೇಕು.

ಆವತ್ತು ಬೆಳಿಗ್ಗೆಯೂ ಬಸ್ಸಿನಲ್ಲಿ ಹರಟೆ ನಡೆದಿತ್ತು. ಅಷ್ಟರಲ್ಲಿ ಇಳಿಯುವ ಜಾಗ ಬಂತು. ಗಡಿಬಿಡಿಯಲ್ಲಿ ಫೋನನ್ನು ಅಂಗಿ ಜೇಬಿಗೆ ತುರುಕಿ, ನಾಲ್ಕು ಜನರ ಕಾಲು ತುಳಿದು ಇಳಿದರು.

ಅವರು ಕೆಲಸ ಮಾಡುತ್ತಿದ್ದದ್ದು ನೀರಿನ ಮೀಟರ್ ರಿಪೇರಿ ಮಾಡುವ ಸರ್ಕಾರಿ ಆಫೀಸಿನಲ್ಲಿ. ಕೆಟ್ಟ ಮೀಟರು ಬಿಚ್ಚಿ, ತೊಳೆದು, ಹಲ್ಲುಚಕ್ರ ಬದಲಿಸಿ, ಪರೀಕ್ಷೆಯ ಮೇಜಿನ ಮೇಲೆ ನೀರು ಹಾಯಿಸಿ ನೋಡುವುದು ಅವರ ಕೆಲಸ. ಒಂಬತ್ತು ವರ್ಷದಿಂದ ಅವರು ಬರೀ ಪರೀಕ್ಷಕರು. ಈಗ ಹಿರಿಯ ಪರೀಕ್ಷಕರ ಜಾಗ ಖಾಲಿಯಾಗಿ, ಶಿಫಾರಸಿನ ಕಾಗದವೂ ತಯಾರಾಗಿತ್ತು. ಅದಕ್ಕೆ ಬೇಕಾದದ್ದು ಎರಡು ಸಹಿ, ಮ್ಯಾನೇಜರರದ್ದೊಂದು, ತಪಾಸಣೆಯ ಸಾಹೇಬರದ್ದೊಂದು. ಸಾಹೇಬರು ಆವತ್ತೇ ಹನ್ನೆರಡೂವರೆಗೆ ಬರುವವರಿದ್ದರು. ತಪಾಸಣೆ ಸುಸೂತ್ರವಾಗಿ ಮುಗಿದರೆ ಸಂಜೆಯೊಳಗೆ ತಾನು ಸಹಿ ಹಾಕುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು.

ಆದರೆ ಸುಸೂತ್ರವಾಗಿ ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ರಿಪೇರಿಯಾಗಿವೆ ಎಂದು ಬರೆದಿದ್ದ ಮುನ್ನೂರ ಹನ್ನೆರಡು ಮೀಟರುಗಳು ಮುಟ್ಟಿದವರಿಲ್ಲದೆ ಗೋಣಿಚೀಲಗಳಲ್ಲಿ ಹಾಯಾಗಿ ಮಲಗಿದ್ದವು. ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತರು.

"ಇಷ್ಟಕ್ಕೆಲ್ಲ ಯಾಕೆ ಸಾರ್ ಹೆದರ್ತೀರಿ," ಎಂದು ವೈರ್‌ಲೆಸ್ಸಪ್ಪನವರು ತೋಳು ಮಡಿಸಿ ಮುಂದೆ ಬಂದರು. ಹಿಂಬದಿಯ ಹಳೇ ಸ್ನಾನದ ಕೋಣೆಗೆ ಚೀಲಗಳನ್ನೆಲ್ಲ ಸಾಗಿಸಿ, ಬೀಗ ಜಡಿದು, ಬಾಗಿಲಿಗೆ 'ಚರಂಡಿ ಕೆಲಸ ನಡೆಯುತ್ತಿದೆ' ಎಂದು ಚೀಟಿ ಅಂಟಿಸುವ ಉಪಾಯ ಅವರದೇ. ಪರೀಕ್ಷೆಯ ಮೇಜಿನ ಒತ್ತಡದ ಮುಳ್ಳು ತಿಂಗಳಿಂದ ಅಲ್ಲಾಡುತ್ತಿರಲಿಲ್ಲ. ಸಾಹೇಬರು ಹತ್ತಿರ ಬಂದಾಗ ಮೇಜಿನ ಕಾಲಿಗೆ ಮೆಲ್ಲಗೆ ಒದ್ದರೆ ಅದು ಅಲ್ಲಾಡುತ್ತದೆ ಎಂಬುದನ್ನೂ ಅವರೇ ಒದ್ದು ತೋರಿಸಿದರು. ಎಲ್ಲರಿಗೂ ಜೀವ ಬಂತು.

ಆಗ ಆಫೀಸಿನ ಫೋನು ಬಡಿದುಕೊಂಡಿತು. ಮೊಬೈಲಿನಲ್ಲಿ ರೇಡಿಯೋ ಇರುವಾಗ ಅದಕ್ಕೆ ಫೋನ್ ಮಾಡಕೂಡದೆಂದು ಅವರು ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಆಕೆ ಇಲ್ಲಿಗೆ ಮಾಡಿದ್ದಳು. ಪೆಟ್ಟಿಗೆಯ ಫ್ಯಾನು ಒಂದೇ ಸಮನೆ ಬೊಬ್ಬೆ ಹೊಡೆಯುತ್ತಿದೆಯಂತೆ, ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತದಂತೆ. ಆರಿಸಲಾ ಎಂದು ಕೇಳಿದಳು.

"ಬಿಸಿಲು ಕಾಲ. ಅದೂ ಉಸಿರಾಡಬೇಕಲ್ಲ. ಆನ್ ಇರಲಿ ಬಿಡು," ಎಂದು ಇವರು ಫೋನಿಟ್ಟರು.

ಚೀಲ ಹೊತ್ತು ಸುಸ್ತಾದವರಿಗೆ ಸ್ವಲ್ಪ ಮನರಂಜನೆ ಬೇಕಿತ್ತು. ಟೈಪಿಸ್ಟ್ ಅಕ್ಕ ಸಾಹೇಬರ ಮಾತು ತೆಗೆದರು. ವೈರ್‌ಲೆಸ್ಸಪ್ಪನವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೂಗಿನಲ್ಲೇ "ಹೂಂ... ಇದೇನ್ರೀ ಇದು, ಹೂಂ..." ಎಂದು ಸಾಹೇಬರ ಹಾಗೆಯೇ ಮೂರು ಸಲ ಕೆಮ್ಮಿ, ಬಾಗಿ ಮೇಜಿನ ಕೆಳಗೆ ಇಣುಕಿದರು. ಟೈಪಿಸ್ಟ್ ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಮ್ಯಾನೇಜರ್ ಇನ್ನೊಂದು ಸಲ ಮಾಡಿಸಿದರು.

ಎರಡನೆಯ ಸಲ ಫೋನು ಬಂದಾಗ ಸಂಗತಿ ಮೇಲ್ಮನೆಯವರೆಗೂ ಹೋಗಿತ್ತು. ಮೇಲ್ಮನೆಯಲ್ಲಿದ್ದವರು ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಮಾಮ, ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಓಡಿ ಬರುವವರು. ಅವರ ಕಂಪ್ಯೂಟರಿನ ಸ್ಪೀಕರು ಬೆಳಿಗ್ಗೆಯಿಂದ ಗೊರಗೊರ ಎನ್ನುತ್ತಿದೆಯಂತೆ, ಅದಕ್ಕೆ ಈ ಪೆಟ್ಟಿಗೆಯೇ ಕಾರಣವಂತೆ. ಈಗ ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟು, ಜ್ವರ ಬಂದವರ ಹಣೆ ನೋಡುವ ಹಾಗೆ ಐದೈದು ನಿಮಿಷಕ್ಕೆ ಮುಟ್ಟಿ ನೋಡುತ್ತಿದ್ದಾರಂತೆ.

"ಮಾಮನ ಸ್ಪೀಕರ್ ಮಾಮನಿಗಿಂತ ಹಳೇದು. ನಮ್ಮದಕ್ಕೆ ಯಾಕೆ ಮೂಗು ತೂರಿಸ್ತಾರೆ? ಕೈ ಹಚ್ಚಬೇಡಿ ಅನ್ನು," ಎಂದರು ಇವರು.

ಮೂರನೆಯ ಸಲ ಹೆಂಡತಿಯ ದನಿಯಲ್ಲಿ ಅಳುಕಿತ್ತು. ಪೇಂಟು ಸುಟ್ಟ ವಾಸನೆ ಬರುತ್ತಿದೆ, ಗಾರ್ಡ್ ಮಾಮ ಮೆಟ್ಟಿಲ ಕೆಳಗೆ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ, ಒಂದು ಮಾತು ಹೇಳಿದರೆ ಸಾಕು ಎಂದಳು. ಇಡೀ ಆಫೀಸು ಕಿವಿ ನಿಮಿರಿಸಿ ಕೂತಿತ್ತು. ಅಷ್ಟು ಜನರೆದುರು ಆರು ವರ್ಷದ ಸಿದ್ಧಾಂತ ಬಿಟ್ಟುಕೊಡುವುದಾದರೂ ಹೇಗೆ?

"ಯಾರಾದ್ರೂ ಸ್ವಿಚ್ ಮುಟ್ಟಿದ್ರೆ ನಾನು ರಾತ್ರಿ ಊಟಕ್ಕೆ ಬರೋದಿಲ್ಲ. ಆನ್ ಇರಲಿ ಬಿಡು," ಎಂದು ಗುಡುಗಿದರು.

ಹನ್ನೆರಡೂವರೆಗೆ ಸರಿಯಾಗಿ ಸಾಹೇಬರ ಕಾರು ಅಂಗಳಕ್ಕೆ ಬಂತು. ಮ್ಯಾನೇಜರ್ ಹಲ್ಲು ಬಿಟ್ಟುಕೊಂಡು ರಿಜಿಸ್ಟರ್ ಚಾಚಿದರು. ಸಾಹೇಬರು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಓಣಿ ದಾಟಿ, ಹಿಂಬದಿಗೆ ಹೋಗಿ, ಸ್ನಾನದ ಕೋಣೆಯ ಮುಂದೆ ನಿಂತರು.

"ಚರಂಡಿ ಕೆಲಸ ಎಲ್ಲಿಗೆ ಬಂತು? ಹೂಂ... ಬೀಗ ತೆಗೀರಿ. ಮುನ್ನೂರ ಹನ್ನೆರಡು ಇರಬೇಕು, ಎಣಿಸೋಣ."

ಮ್ಯಾನೇಜರ್ ಬೀಗ ತೆಗೆದರು. ಸಾಹೇಬರು ಅಲ್ಲಿಂದ ಪರೀಕ್ಷೆಯ ಮೇಜಿಗೆ ಬಂದು, ಮುಳ್ಳನ್ನು ನೋಡಿ, "ಎಲ್ಲಿ, ಕಾಲಿಗೆ ಒಂದು ಒದೀರಿ," ಎಂದರು. ಮ್ಯಾನೇಜರ್ ಒದ್ದರು. ಮುಳ್ಳು ವಿಧೇಯವಾಗಿ ಅಲ್ಲಾಡಿತು. ಯಾರೋ ಚಾಡಿ ಹೇಳಿದ್ದಾರೆ ಎಂದು ಟೈಪಿಸ್ಟ್ ಅಕ್ಕ ಪಿಸುಗುಟ್ಟಿದರು. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದರು.

ಸಾಹೇಬರು ಒಬ್ಬೊಬ್ಬರನ್ನೇ ಮ್ಯಾನೇಜರರ ಕೋಣೆಗೆ ಕರೆದು ವಿಚಾರಿಸಿದರು. ಕೊನೆಗೆ ವೈರ್‌ಲೆಸ್ಸಪ್ಪನವರ ಸರದಿ ಬಂತು. ಬಾಗಿಲು ಮುಚ್ಚಿದ್ದೇ ಸಾಹೇಬರು ಕೈಚಾಚಿ, ಇವರ ಜೇಬಿನಿಂದ ಫೋನೆತ್ತಿ, ಪರದೆಯ ಮೇಲೆ ಬೆರಳಿಟ್ಟು ಆರಿಸಿದರು.

"ಮಾತಾಡೋ ಗುಂಡಿ ಒತ್ತಿದ್ದು ಹಾಗೇ ಲಾಕ್ ಆಗಿದೆ, ಬೆಳಿಗ್ಗೆ ಬಸ್ಸಿಳಿದಾಗಿನಿಂದ. ನಾನೂ ಹವ್ಯಾಸಿಯೇ ಕಣ್ರೀ, ಕಾರಲ್ಲಿ ರೇಡಿಯೋ ಇದೆ. ನಿಮ್ಮನ್ನ ನಿಲ್ಲಿಸೋಕೆ ಐದು ಜನ ಕೂಗಿಕೊಂಡರು. ಆ ಗುಂಡಿ ಒತ್ತಿರೋವಾಗ ನಿಮಗೆ ಇನ್ನೊಬ್ಬರದು ಕೇಳಿಸಲ್ಲವಲ್ಲ."

ವೈರ್‌ಲೆಸ್ಸಪ್ಪನವರಿಗೆ ಪೆಟ್ಟಿಗೆ ಯಾಕೆ ಅಷ್ಟು ಕಾದಿತ್ತೆಂದು ಈಗ ಹೊಳೆಯಿತು. ಸ್ನಾನದ ಕೋಣೆ, ಮೇಜಿನ ಕಾಲು, ಮೂಗಿನ ದನಿ, ಎಲ್ಲವೂ ತಮ್ಮದೇ ಆಂಟೆನಾದಿಂದ ಹೊರಟು ಊರೆಲ್ಲ ತಿರುಗಿ ಬಂದಿದ್ದವು. ನಾಚಿಕೆಯಿಂದ ಅವರು ನಿಂತಲ್ಲೇ ಕುಗ್ಗಿಹೋದರು.

"ನನ್ನ ಅನುಕರಣೆ ಚೆನ್ನಾಗಿತ್ತು, ಕೆಮ್ಮು ಒಂದು ಹೆಚ್ಚಾಯ್ತು," ಎಂದು ಸಾಹೇಬರು ಮುಂದುವರಿಸಿದರು. "ನಿಮ್ಮ ಮನೆಯವರು ಮೂರು ಸಲ ಆರಿಸಲಾ ಅಂತ ಕೇಳಿದ ಹಾಗಿತ್ತು. ಪ್ರತಿ ಸಲವೂ ನಾನು ಕಾರಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ನೀವೇ ಬೇಡ ಅಂದಿರಿ."

ಲೈಸೆನ್ಸು ಹೋಯಿತು, ಬಡ್ತಿಯೂ ಹೋಯಿತು ಎಂದುಕೊಂಡು ಇವರು ಕೈಮುಗಿದರು. ಇನ್ನು ಮೇಲೆ ದಿನಾ ಪೆಟ್ಟಿಗೆ ಆರಿಸಿಯೇ ಮನೆ ಬಿಡುವುದಾಗಿ ಆಣೆ ಇಟ್ಟರು.

"ಛೆ ಛೆ, ಆರಿಸಬೇಡಿ," ಎಂದು ಸಾಹೇಬರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ಇಪ್ಪತ್ತು ವರ್ಷದ ತಪಾಸಣೆಯಲ್ಲಿ ಇಷ್ಟು ಸಲೀಸಾಗಿ ನನಗೆ ಯಾವತ್ತೂ ಏನೂ ಸಿಕ್ಕಿಲ್ಲ. ಇಂಥದ್ದಕ್ಕೆಲ್ಲ ರೇಡಿಯೋ ಬಳಸಬಾರದು ಅನ್ನೋ ನಿಯಮ ನನಗೂ ಗೊತ್ತು. ಆದ್ರೆ ಗುಂಡಿ ತಾನಾಗಿ ಲಾಕ್ ಆದ್ರೆ ಯಾರೇನು ಮಾಡೋಕಾಗುತ್ತೆ? ಹತ್ತರಿಂದ ಐದರವರೆಗೆ ನಾನು ಕಾರಲ್ಲೇ ಇರ್ತೀನಿ. ಮೂರು ತಿಂಗಳು ಹೀಗೇ ನಡೀಲಿ. ಆಮೇಲೆ ನಿಮ್ಮ ಕಾಗದಕ್ಕೆ ನನ್ನ ಸಹಿ."

ಹಾಗೆಂದು ಅವರೇ ಗುಂಡಿ ಒತ್ತಿ, ಲಾಕ್ ಮಾಡಿ, ಫೋನನ್ನು ಇವರ ಜೇಬಿಗೆ ಜೋಪಾನವಾಗಿ ಇಳಿಸಿ ಕೋಣೆಯಿಂದ ಹೊರನಡೆದರು.

ಹೊರಗೆ ಸಹೋದ್ಯೋಗಿಗಳು ಸಭೆ ಸೇರಿದ್ದರು. ಅವರಿಗೆ ಯಾವ ಅನುಮಾನವೂ ಉಳಿದಿರಲಿಲ್ಲ: ಆಫೀಸಿನಲ್ಲಿ ಯಾರೋ ಗುಪ್ತವಾಗಿ ಮಾತು ಕದಿಯುವ ಯಂತ್ರ ಇಟ್ಟಿದ್ದಾರೆ. ಅದನ್ನು ಪತ್ತೆ ಹಚ್ಚುವ ವಿದ್ಯೆ ಗೊತ್ತಿರುವವರು ಒಬ್ಬರೇ ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿ ವೈರ್‌ಲೆಸ್ಸಪ್ಪನವರ ದಾರಿ ಕಾಯುತ್ತಿದ್ದರು. ಟೈಪಿಸ್ಟ್ ಅಕ್ಕ ಅವರಿಗೆ ಕುರ್ಚಿ ಎಳೆದು ಹಾಕಿ, ಕುಡಿಯಲು ನೀರು ಕೊಟ್ಟರು.

ಮ್ಯಾನೇಜರ್ ಅವರ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮನ್ನೇ ನಂಬಿದ್ದೀನಿ. ಆ ದ್ರೋಹಿನ ಹಿಡಿದುಕೊಡಿ. ಅವನು ಸಿಗೋವರೆಗೂ ನಿಮ್ಮ ಶಿಫಾರಸಿಗೆ ನಾನು ಸಹಿ ಹಾಕಲ್ಲ. ಬೇಜಾರು ಮಾಡಿಕೋಬೇಡಿ, ಈ ಆಫೀಸಲ್ಲಿ ಇನ್ಮೇಲೆ ಸಿಕ್ಕಸಿಕ್ಕವರಿಗೆ ಸಹಿ ಹಾಕೋ ಧೈರ್ಯ ನನಗಿಲ್ಲ."

ವೈರ್‌ಲೆಸ್ಸಪ್ಪನವರ ಒಂದು ಕೈ ತಾನಾಗಿಯೇ ಜೇಬಿನ ಕಡೆ ಹೋಗಿ, ಅರ್ಧ ದಾರಿಯಲ್ಲಿ ನಿಂತಿತು.

ಮ್ಯಾನೇಜರ್ ಕಿಟಕಿ ಮುಚ್ಚಿ, ಬಾಗಿಲ ಚಿಲಕ ಹಾಕಿ, ಅವರ ಎದೆಯ ಹತ್ತಿರಕ್ಕೆ ಬಾಗಿ ಪಿಸುಗುಟ್ಟಿದರು. "ಆದ್ರೆ ಒಂದು ಮಾತು. ನೀವು ಹುಡುಕ್ತಾ ಇದೀರಿ ಅನ್ನೋದು ಈ ನಾಲ್ಕು ಗೋಡೆ ಬಿಟ್ಟು ಹೊರಗೆ ಯಾರಿಗೂ ಕೇಳಿಸಬಾರದು."

ಅಂಗಳದಲ್ಲಿ ಇನ್ನೂ ಹೊರಡದೆ ನಿಂತಿದ್ದ ಸಾಹೇಬರ ಕಾರು ಎರಡು ಸಲ ಹಾರ್ನ್ ಹಾಕಿತು.