ಅಜ್ಜಿಯ ಹೆಸರನ್ನು ಮಾಮೂಲಿ ಮಾಡಿಸಿದ್ದು

ಇಂಗ್ಲಿಷಿನ ಯಾವುದೇ ಪದವನ್ನು ಸದ್ದಿನಲ್ಲಾಗಲಿ ಅಕ್ಷರದಲ್ಲಾಗಲಿ ಹೋಲುವ ಹೆಸರನ್ನು ಮಗುವಿಗೆ ಇಡುವ ಮೊದಲು, ಆ ಪದಕ್ಕೆ ಸಂಬಂಧಪಟ್ಟ ಇಲಾಖೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ತರತಕ್ಕದ್ದು. ಇದು ನಿಯಮ. ಯಾವ ಪ್ರಜೆಯೂ ಮುಂದೊಂದು ದಿನ ಹೊರದೇಶದಲ್ಲಿ ತನ್ನ ಹೆಸರು ಹೇಳಿ ನಗೆಪಾಟಲಾಗಬಾರದು ಎಂಬ ಸದುದ್ದೇಶದಿಂದ ಇದನ್ನು ಜಾರಿಗೆ ತರಲಾಗಿದೆ. ಹೊರದೇಶಕ್ಕೆ ಹೋಗುವ ಉದ್ದೇಶವೇ ಇಲ್ಲದವರಿಗೂ ಸದುದ್ದೇಶ ಅನ್ವಯಿಸುತ್ತದೆ.

ಮೂಲೆ ಅಂಗಡಿಯ ಟೈಲರನಿಗೆ ಈ ಸಂಗತಿ ತಿಳಿದದ್ದು ಮಗಳನ್ನು ಶಾಲೆಗೆ ಸೇರಿಸಲು ಹದಿನೈದೇ ದಿನ ಉಳಿದಿದ್ದಾಗ. ಜನನ ಪತ್ರದಲ್ಲಿ ಹೆಸರಿನ ಜಾಗ ಐದು ವರ್ಷದಿಂದ ಖಾಲಿ ಇತ್ತು. ಅಲ್ಲಿ ತನ್ನ ಅಜ್ಜಿಯ ಹೆಸರು ಬರೆಸಬೇಕೆಂಬುದು ಅವನ ಆಸೆ. ತಾಯಿಯಿಲ್ಲದ ಅವನನ್ನು ಸಾಕಿ, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕಾಲರ್ ಕೂರಿಸುವವರೆಗೆ ಕಲಿಸಿದವಳು ಅವಳು. ಆ ಹೆಸರು ಇಡೀ ಊರಿನಲ್ಲಿ ಅವಳೊಬ್ಬಳಿಗೇ ಇತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಪರಿಶೀಲನೆಯಲ್ಲಿರುವ ಹೆಸರನ್ನು ಅಚ್ಚು ಹಾಕಿಸುವುದು ನಾಲ್ಕನೇ ಕಲಮಿನ ಉಲ್ಲಂಘನೆಯಾಗುತ್ತದೆ.

ನಾಮಸಾದೃಶ್ಯ ವಿಭಾಗ ಎಂದರೆ ಎರಡನೇ ಮಹಡಿಯಲ್ಲಿ ಒಬ್ಬ ಗುಮಾಸ್ತ, ಒಂದು ಇಂಗ್ಲಿಷ್ ನಿಘಂಟು ಮತ್ತು ಒಂದು ಅಡಿಕೋಲು. ನಿಘಂಟಿನ ಕೊನೆಯ ಎಂಬತ್ತು ಪುಟಗಳನ್ನು ಇಲಿ ತಿಂದಿದ್ದರಿಂದ ಅಷ್ಟು ಪದಗಳಿಗೆ ವಿನಾಯಿತಿ ಇತ್ತು. ಟೈಲರನ ಗ್ರಹಚಾರ, ಇಲಿಗೆ ಅಷ್ಟಕ್ಕೇ ಹೊಟ್ಟೆ ತುಂಬಿತ್ತು.

ಗುಮಾಸ್ತ ಸಾಲುಗಳ ಕೆಳಗೆ ಅಡಿಕೋಲು ಜರುಗಿಸುತ್ತಾ ಒಂದು ಗಂಟೆ ಹುಡುಕಿದ.

"ಮೊದಲರ್ಧ ಇಂಗ್ಲಿಷಲ್ಲಿ ಒಂಥರಾ ಕೊಳಾಯಿ ಬಿರಡೆ. ಕೊನೇ ಅರ್ಧ ಒಂದು ಮೀನು. ಪೂರ್ತಿ ಹೆಸರನ್ನ ಶೀತ ಆದವರ ಹಾಗೆ ಹೇಳಿದ್ರೆ ಹಡಗು ಕಟ್ಟೋ ಹಗ್ಗ."

"ಶೀತ ಇಲ್ದೆ ಹೇಳಿದ್ರೆ ಸಾರ್?"

"ಶೀತ ಯಾರಿಗೆ ಬರಲ್ಲ ಹೇಳಿ."

ಇದು ಟೈಲರನಿಗೂ ಸರಿ ಎನಿಸಿತು. ಅವನು ಮೂರು ಅರ್ಜಿ ಬರೆದು ಮೂರು ಕಡೆ ಕೊಟ್ಟ. ನೀರು ಸರಬರಾಜಿನವರು ನಾಲ್ಕೇ ದಿನದಲ್ಲಿ ಉತ್ತರಿಸಿದರು: ಮಗು ಸೋರುವುದಿಲ್ಲವೆಂದು ಪೋಷಕರು ಬರೆದುಕೊಟ್ಟಲ್ಲಿ ಅಭ್ಯಂತರವಿಲ್ಲ. "ಎರಡು ವರ್ಷದಿಂದ ಹಾಸಿಗೆ ಒದ್ದೆ ಮಾಡಿಲ್ಲ ಅಂತ ಬರೆದು ಬಿಸಾಕಿ" ಎಂದಳು ಹೆಂಡತಿ. ಮೀನುಗಾರಿಕೆಯವರು ಕೆರೆಯ ದಂಡೆಯಲ್ಲಿ ಮೂವತ್ತು ದಿನ ಪ್ರಕಟಣೆ ಅಂಟಿಸಬೇಕೆಂದರು, ನೀರಿನಿಂದ ಓದಲು ಬರುವ ಎತ್ತರದಲ್ಲಿ. ಬಂದರು ಇಲಾಖೆಯ ಕಚೇರಿಯಂತೂ ಸಿಗಲೇ ಇಲ್ಲ.

"ನಮ್ಮೂರಿಗೆ ಸಮುದ್ರವೇ ಇಲ್ವಲ್ಲ ಸಾರ್" ಎಂದು ಟೈಲರ್ ತೋಡಿಕೊಂಡ.

"ಅದಕ್ಕೇ ತಡ ಆಗೋದು. ಇದ್ದಿದ್ರೆ ಇಲ್ಲೇ ಮುಗೀತಿತ್ತು."

ಮನೆಯಲ್ಲಿ ಹೆಂಡತಿ ತಾಳ್ಮೆಯಿಂದ ಹೇಳಿನೋಡಿದಳು. "ರೀ, ಬೇರೆ ಯಾವುದಾದ್ರೂ ಹೆಸರು ಬರೆಸಿಬಿಡಿ. ಸೀಟು ಹೋದ್ರೆ ಒಂದು ವರ್ಷ ಹೋಗುತ್ತೆ. ಅಜ್ಜಿ ಏನೂ ಬೇಜಾರು ಮಾಡ್ಕೊಳ್ಳಲ್ಲ."

"ಅಜ್ಜಿ ಮಾಡ್ಕೊಳ್ಳಲ್ಲ ಕಣೇ. ನಾನು ಮಾಡ್ಕೋತೀನಿ."

ಇನ್ನು ಆರು ದಿನ ಇತ್ತು. ಗುಮಾಸ್ತನ ಪ್ಯಾಂಟಿನ ಸೊಂಟ ಬಿಡಿಸಿಕೊಟ್ಟ ಸಂದರ್ಭದಲ್ಲಿ ಅವನ ಬಾಯಿಂದ ಇನ್ನೊಂದು ಕಲಮು ಹೊರಬಿತ್ತು. ಈ ಪರಿಶೀಲನೆಯೆಲ್ಲ ಅಪರೂಪದ ಹೆಸರುಗಳಿಗೆ ಮಾತ್ರ. ಊರಿನಲ್ಲಿ ಹನ್ನೆರಡು ಜನಕ್ಕೆ ಇದ್ದರೆ ಅದು ರೂಢಿಯ ಹೆಸರು. ರೂಢಿಯ ಹೆಸರಿಗೆ ಯಾವ ಪತ್ರವೂ ಬೇಡ.

"ಸಾರ್, ದೊಡ್ಡವರು ಹೆಸರು ಬದಲಾಯಿಸ್ಕೊಳ್ಳೋಕೆ ಏನು ಮಾಡ್ಬೇಕು?"

"ಅದು ಪಕ್ಕದ ಕಿಟಕಿ. ಅಲ್ಲಿ ನಿಘಂಟು ಇಲ್ಲ."

ಕಚೇರಿ ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬೇಕು ಎಂದುಕೊಂಡು ಟೈಲರ್ ಬೀದಿಗಿಳಿದ. ಅಜ್ಜಿಯ ಹೆಸರು ತೆಗೆದುಕೊಂಡವರಿಗೆ ಒಂದು ಅಂಗಿ, ಹೊಲಿಗೆ ಬಿಟ್ಟಿ. ಮೊದಲು ಕ್ಷೌರದಂಗಡಿಯವನನ್ನು ಕೇಳಿದ. ಅವನು ಮೀಸೆಯ ಮೇಲೆ ಕೈಯಾಡಿಸಿಕೊಂಡ.

"ಅದು ಹೆಂಗಸಿನ ಹೆಸರು ಕಣಯ್ಯ."

"ಅಂಗಿ ಗಂಡಸಿನದೇ ಅಣ್ಣ."

"ಹಾಗಾದ್ರೆ ಜೇಬು ಎರಡಿಡು."

ಸೈಕಲ್ ರಿಪೇರಿಯವನು ತುಂಬು ತೋಳು ಕೇಳಿದ. ಇಸ್ತ್ರಿ ಅಂಗಡಿಯ ಅಣ್ಣತಮ್ಮಂದಿರು ಒಟ್ಟಿಗೇ ಬಂದು ಒಂದೇ ಹೆಸರಿಗೆ ಸಹಿ ಹಾಕಿದರು. ಇನ್ನು ಮೇಲೆ ಸಾಲ ಕೇಳಿ ಬಂದವರಿಗೆ "ಅದು ಅವನು" ಎನ್ನಬಹುದೆಂದು ಇಬ್ಬರಿಗೂ ಖುಷಿ. ಹಾಲಿನವನ ಮನೆಯಲ್ಲಿ ಗಂಡ, ಹೆಂಡತಿ, ನಾಲ್ಕು ಜನ ಬೆಳೆದ ಮಕ್ಕಳು, ಆರು ಅಂಗಿ. ಕಷ್ಟವಾದದ್ದು ಟೈಲರನ ಅತ್ತೆಯನ್ನು ಒಪ್ಪಿಸುವುದು. ಆಕೆ ಅಜ್ಜಿಯೊಂದಿಗೆ ಒಂಬತ್ತು ವರ್ಷ ಮಾತು ಬಿಟ್ಟಿದ್ದವಳು.

"ಬದುಕಿದ್ದಾಗ ಆಯಮ್ಮನ ಮುಖ ನೋಡ್ತಿರಲಿಲ್ಲ. ಈಗ ಆಯಮ್ಮನೇ ಆಗ್ಬೇಕಾ?" ಎಂದು ಆಕೆ ಸೆಟೆದು ಕೂತಳು. ಎರಡು ರವಿಕೆಗೆ ಸೆಟೆತ ಇಳಿಯಿತು.

ಹನ್ನೊಂದಾಯಿತು. ಟೈಲರ್ ಐದು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದ. ಶಾಲೆಗೆ ಸೇರಿಸುವ ಹಿಂದಿನ ದಿನ ಮಧ್ಯಾಹ್ನ, ಕಚೇರಿಯ ಬಾಗಿಲು ಹಾಕಲು ಅರ್ಧ ಗಂಟೆ ಇದ್ದಾಗ, ಹನ್ನೊಂದು ಪತ್ರಗಳನ್ನು ಹಿಡಿದು ಗುಮಾಸ್ತನ ಮುಂದೆ ನಿಂತ.

"ಒಬ್ಬರು ಕಮ್ಮಿ" ಎಂದ ಗುಮಾಸ್ತ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ನನ್ನ ಮದುವೇಲೂ ಕೋಟು ಬಾಡಿಗೆದೇ. ಅಳತೆ ಅಂತ ಯಾರೂ ತಗೊಂಡಿಲ್ಲ" ಎಂದ.

ಟೈಲರ್ ಕತ್ತಿನಲ್ಲಿದ್ದ ಟೇಪನ್ನು ಇಳಿಸಿ ಅವನ ಭುಜದ ಅಳತೆ ತೆಗೆದ. ಗುಮಾಸ್ತ ಪಕ್ಕದ ಕಿಟಕಿಗೆ ಹೋಗಿ ಆರೇ ನಿಮಿಷದಲ್ಲಿ ಹನ್ನೆರಡನೆಯವನಾಗಿ ಹಿಂತಿರುಗಿದ. ಹೊಸ ಹೆಸರಿನಿಂದ ಕರೆಯದೆ ಯಾವ ಅರ್ಜಿಯನ್ನೂ ಸ್ವೀಕರಿಸುವುದಿಲ್ಲ ಎಂದ. ತನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗುಂಡಿ ಹೊಲಿಯುತ್ತಿದ್ದವಳ ಹೆಸರಿನಿಂದ ಆ ಮನುಷ್ಯನನ್ನು ಮೆಲ್ಲಗೆ ಕರೆದು ಟೈಲರ್ ಅರ್ಜಿ ಮುಂದಿಟ್ಟ. ಗುಮಾಸ್ತ ಸಹಿ ಹಾಕಿದ.

ಒಂದೇ ಹೆಸರು ಇಷ್ಟು ಜನಕ್ಕಿರುವುದರಿಂದ ಗೊಂದಲವಾಗದಿರಲೆಂದು ಎಲ್ಲರಿಗೂ ಕ್ರಮಸಂಖ್ಯೆ ಕೊಡಲಾಯಿತು. ಕ್ಷೌರದಂಗಡಿಯವನು ಒಂದು. ಗುಮಾಸ್ತ ಹನ್ನೆರಡು. ಮಗು ಹದಿಮೂರು. ತೀರಿಕೊಂಡವರಿಗೆ ಸಂಖ್ಯೆ ಕೊಡಲು ಅವಕಾಶವಿಲ್ಲದ ಕಾರಣ ಅಜ್ಜಿಯನ್ನು ಪಟ್ಟಿಯಿಂದ ಕೈಬಿಡಲಾಗಿದೆ.

ಬೀದಿಯವರು ಆ ರಾತ್ರಿಯೇ ಹೊಂದಿಕೊಂಡರು. ಟೈಲರ್ ಮಗಳನ್ನು ಊಟಕ್ಕೆ ಕೂಗಿದಾಗ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಇಬ್ಬರು ಬಂದರು, ಸೈಕಲ್ ಅಂಗಡಿಯಿಂದ ಒಬ್ಬ. ಬಂದವರನ್ನು ಹಾಗೇ ಕಳಿಸುವುದು ಸರಿಯಲ್ಲವೆಂದು ಊಟ ಬಡಿಸಿದ ಹೆಂಡತಿ, ಆಮೇಲೆ ಮಗಳನ್ನು ಸಂಖ್ಯೆ ಹಿಡಿದೇ ಕರೆಯತೊಡಗಿದಳು.

ಮರುದಿನ ಶಾಲೆಯಲ್ಲಿ ಹೆಡ್‌ಮೇಡಂ ಜನನ ಪತ್ರ ನೋಡಿ ಕನ್ನಡಕ ತೆಗೆದರು.

"ಇದು ತೀರಾ ಮಾಮೂಲಿ ಹೆಸರಾಯ್ತಲ್ರೀ. ನಮ್ಮ ಹಾಲಿನವರ ಮನೇಲೇ ಆರು ಜನ ಇದ್ದಾರೆ. ಮುದ್ದಾದ ಮಗು, ಒಂದು ಅಪರೂಪದ ಹೆಸರಿಡಬಾರದಿತ್ತಾ? ನಿಮ್ಮ ಮನೆ ಹಿರಿಯರದು ಯಾವುದೂ ಇರ್ಲಿಲ್ವಾ?"

"ಇತ್ತು ಮೇಡಂ" ಎಂದ ಟೈಲರ್. "ಹಂಚಿಬಿಟ್ಟೆ."

ಹೆಡ್‌ಮೇಡಂ ತಲೆಯಾಡಿಸಿ, ದಾಖಲಾತಿ ಪುಸ್ತಕದಲ್ಲಿ ಹದಿಮೂರು ಎಂದು ಬರೆದುಕೊಂಡು, ಮುಂದಿನವರನ್ನು ಒಳಗೆ ಕರೆದರು.