ವೆಂಡೆಲ್ ಆರಿಸಿದ ಮೂರು ಹಲ್ಲಿನ ಫ್ಲ್ಯಾಶ್ ಹೈಡರ್

"ಈ ಸಲ ಒಂದೇ ಒಂದು ಹಂದಿ ನಮ್ಮ ಹೊಲದಿಂದ ಜೀವಂತ ಹೋದ್ರೆ ನನ್ನ ಹೆಸರು ವೆಂಡೆಲ್ ಟಟಲ್ ಅಲ್ಲ!"

ಬೆಳಗಿನ ತಿಂಡಿಯ ಮೇಜಿನ ಮುಂದೆ, ಫೋರ್ಕಿನ ತುದಿಯಲ್ಲಿ ಅರ್ಧ ಮೊಟ್ಟೆ ಎತ್ತಿ ಹಿಡಿದು, ವೆಂಡೆಲ್ ಹೀಗೆ ಘೋಷಿಸಿದ. ಹೆಂಡತಿ ಓಪಲ್ ಕಾಫಿಯಿಂದ ತಲೆ ಎತ್ತಲಿಲ್ಲ.

"ಹಾಗಾದ್ರೆ ಹೊಸ ಹೆಸರು ಯೋಚನೆ ಮಾಡಿಟ್ಕೋ," ಎಂದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಟೆಕ್ಸಾಸಿನ ಆ ಮೂಲೆಯಲ್ಲಿ ಕಾಡುಹಂದಿಗಳು ಮನುಷ್ಯರಿಗಿಂತ ಹೆಚ್ಚು, ಮನುಷ್ಯರಿಗಿಂತ ಚುರುಕು. ಓಪಲ್‌ಳ ಕಲ್ಲಂಗಡಿ ಹೊಲದಲ್ಲಿ ಅರ್ಧವನ್ನು ಆಗಲೇ ಮುಗಿಸಿದ್ದವು. ಉಳಿದದ್ದರಲ್ಲಿ ಒಂದು ಹಣ್ಣು ಮಾತ್ರ ಕರುವಿನ ಗಾತ್ರಕ್ಕೆ ಬೆಳೆದು ಮಲಗಿತ್ತು. ಓಪಲ್ ಅದಕ್ಕೆ ಸೆನೆಟರ್ ಎಂದು ಹೆಸರಿಟ್ಟಿದ್ದಳು. ದಿನವಿಡೀ ಬಿದ್ದುಕೊಂಡು, ಬೇರೆಯವರು ಹೊತ್ತು ತಂದ ನೀರು ಕುಡಿದು ಊದಿಕೊಳ್ಳುವವರಿಗೆ ಇನ್ನೇನು ಹೆಸರಿಡುವುದು? ಇನ್ನು ನಾಲ್ಕು ವಾರಕ್ಕೆ ಊರಿನ ಕಲ್ಲಂಗಡಿ ತೂಕದ ಸ್ಪರ್ಧೆ. ಒಂಬತ್ತು ವರ್ಷದಿಂದ ಎರಡನೇ ಬಹುಮಾನ ತಂದು ತಂದು ಓಪಲ್‌ಗೆ ಸಾಕಾಗಿ ಹೋಗಿತ್ತು.

ವೆಂಡೆಲ್ ಹಂದಿಗಳಿಗೆ ಗುಂಡು ಹಾರಿಸುತ್ತಿರಲಿಲ್ಲವೆಂದಲ್ಲ. ಹನ್ನೊಂದು ವರ್ಷದಿಂದ ಹಾರಿಸುತ್ತಲೇ ಇದ್ದ. ಹೊತ್ತು ಮುಳುಗುವಾಗ ಹಂದಿಗಳು ಬರುತ್ತವೆ, ಅವನ ಮೋಟು ನಳಿಗೆಯ ರೈಫಲ್ಲು ಢಂ ಎನ್ನುತ್ತದೆ, ತುದಿಯಲ್ಲಿ ಕುಂಬಳಕಾಯಿಯಷ್ಟು ಬೆಂಕಿ ಭಗ್ಗೆನ್ನುತ್ತದೆ, ವೆಂಡೆಲ್ ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಹೊಲ ಖಾಲಿ.

"ಬಿದ್ದೇ ಬಿದ್ದಿರತ್ತೆ. ಬೆಂಕಿ ಕಣ್ಣು ಕುಕ್ತು, ಕಾಣ್ಲಿಲ್ಲ ಅಷ್ಟೆ," ಎನ್ನುತ್ತಿದ್ದ.

"ಬೆಂಕಿ ಬರೋದು ಗುಂಡು ಹೋದ್ಮೇಲೆ ತಾನೆ?"

"ಓಪಲ್, ಇದು ವಿಜ್ಞಾನ. ನಿಂಗೆ ಗೊತ್ತಾಗಲ್ಲ."

ಈ ಸಲ ಓಪಲ್ ವಿಜ್ಞಾನಕ್ಕೆ ಬಗ್ಗಲಿಲ್ಲ. "ಇನ್ನೊಂದು ಸಲ ಗುರಿ ತಪ್ಪಿದ್ರೆ ಡೆಲ್ಬರ್ಟ್‌ನ ಕರೀತೀನಿ," ಎಂದಳು.

ಡೆಲ್ಬರ್ಟ್ ಅವಳ ತಮ್ಮ. ಬಿಯರಿನಲ್ಲಿ ನೆನೆಸಿ ಹುಳಿ ಬರಿಸಿದ ಜೋಳ ಹಾಕಿ, ಕಬ್ಬಿಣದ ಬೋನಿನಲ್ಲಿ ಹಂದಿ ಹಿಡಿಯುವವನು. ಹಿಡಿದದ್ದನ್ನು ಆಮೇಲೆ ವರ್ಷಪೂರ್ತಿ ಹೇಳುವವನು. ಅವನ ಬೋನು ತನ್ನ ಹೊಲಕ್ಕೆ ಬರುವುದಕ್ಕಿಂತ ಹಂದಿಗಳೇ ಮನೆಯೊಳಗೆ ಬಂದು ಸೋಫಾದ ಮೇಲೆ ಕೂತರೂ ವೆಂಡೆಲ್‌ಗೆ ಚಿಂತೆಯಿರಲಿಲ್ಲ.

ಆದ್ದರಿಂದ ವೆಂಡೆಲ್ ಫ್ಲ್ಯಾಶ್ ಹೈಡರ್ ಆರಿಸಲು ಹೊರಟ. ನಳಿಗೆಯ ತುದಿಗೆ ತಿರುಗಿಸಿ ಕೂಡಿಸುವ, ಬೆಂಕಿಯನ್ನು ಚದುರಿಸಿ ಮರೆಮಾಡುವ, ಹೆಬ್ಬೆರಳಿಗಿಂತ ತುಸು ಉದ್ದದ ಉಕ್ಕಿನ ತುಂಡು ಅದು. ತುಂಡು ಚಿಕ್ಕದು, ಚರ್ಚೆ ದೊಡ್ಡದು! ಬಂದೂಕಿನ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ವೆಂಡೆಲ್ ಮೊದಲ ವಾರ ಕಳೆದ. ಅಲ್ಲಿ ನಾಲ್ವರಿಗೆ ಐದು ಅಭಿಪ್ರಾಯ. ಎರಡನೇ ವಾರ ಮೂರು ಪಾರ್ಸೆಲ್ ಬಂದವು. ಮೂರನೇ ವಾರ ಊಟದ ಮೇಜಿನ ಮೇಲೆ ಸ್ವಯಂವರ ನಡೆಯಿತು.

ಮೊದಲನೆಯದು ಸುತ್ತ ಸೀಳು ಬಿಟ್ಟ ಪುಟ್ಟ ಪಂಜರದಂತಿತ್ತು. ಓಪಲ್ ಅದರಲ್ಲಿ ಹಲ್ಲುಕಡ್ಡಿ ಸಿಕ್ಕಿಸಿಟ್ಟಳು. ಎರಡನೆಯದು ಆಲಿಕೆಯಂತಿತ್ತು. ಅದರಿಂದ ಅವಳು ಮೆಣಸಿನಪುಡಿಯನ್ನು ಡಬ್ಬಿಗೆ ಇಳಿಸಿದಳು. ಮೂರನೆಯದಕ್ಕೆ ಮಾತ್ರ ತ್ರಿಶೂಲದಂತೆ ಮೂರು ಉದ್ದ ಹಲ್ಲು. ವೆಂಡೆಲ್ ಫೋರ್ಕಿನಿಂದ ಅದನ್ನು ಮೆಲ್ಲಗೆ ತಟ್ಟಿದ.

ಟಿಂಂಂಂಂ...

ಅವನು ಎರಡು ತುತ್ತು ತಿಂದು ಮುಗಿಸಿದರೂ ನಾದ ನಿಂತಿರಲಿಲ್ಲ.

"ಅದು ಹೀಗೇ ಹಾಡ್ತಾ ಇರತ್ತಾ?" ಓಪಲ್ ಕೇಳಿದಳು.

"ಒಳ್ಳೇ ಉಕ್ಕು ಅಂದ್ರೆ ಹಾಡಲೇಬೇಕು! ಬೆಂಕಿ ಮುಚ್ಚೋದ್ರಲ್ಲಿ ಇದನ್ನ ಮೀರಿಸಿದ್ದಿಲ್ಲ. ಇದೇ ಆಯ್ಕೆ!"

"ಮೂರು ವಾರದಲ್ಲಿ ಹಂದಿಗಳು ಇಪ್ಪತ್ತಾರು ಹಣ್ಣು ಆರಿಸಿದ್ವು. ಅವಕ್ಕೆ ಇಷ್ಟು ಹೊತ್ತು ಹಿಡೀಲಿಲ್ಲ."

ಅಂದು ಸಂಜೆಯೇ ದಂಡಯಾತ್ರೆ. ಹಿತ್ತಿಲ ಬಾಗಿಲು ದಾಟುವಾಗ ನಳಿಗೆಯ ತುದಿಗೆ ಕೂಡಿಸಿದ್ದ ಮೂರು ಹಲ್ಲುಗಳು ಓಪಲ್‌ಳ ಅಜ್ಜಿ ಹೆಣೆದ ಕ್ರೋಶಾ ಪರದೆಯನ್ನು ಕಚ್ಚಿಕೊಂಡವು. ಮಹಾವೀರ ತಿರುಗಿ ನೋಡಲಿಲ್ಲ. ಪಿಕಪ್ಪಿನವರೆಗೂ ಪರದೆ ಅವನ ಹಿಂದೆ ಮದುಮಗಳ ಸೆರಗಿನಂತೆ ನಡೆದು ಬಂತು. ಅದನ್ನು ಬಿಡಿಸುತ್ತಾ ಓಪಲ್ ಆಡಿದ ಮಾತುಗಳನ್ನು ಚರ್ಚಿಗೆ ಹೋಗುವ ಹೆಂಗಸು ಆಡಬಾರದು, ನಾನೂ ಬರೆಯಬಾರದು.

ಇಬ್ಬರೂ ಪಿಕಪ್ಪಿನ ಹಿಂಬದಿಯಲ್ಲಿ ಉಸಿರು ಬಿಗಿಹಿಡಿದು ಕೂತರು. ಸೂರ್ಯ ಇಳಿದ. ಪೊದೆ ಅಲುಗಿತು. ಒಂದು, ಎರಡು, ಐದು... ಹನ್ನೊಂದು ಹಂದಿಗಳು! ಮುಂದೆ ದಪ್ಪ ಹೆಣ್ಣುಹಂದಿ. ನೇರ ಸೆನೆಟರ್ ಕಡೆಗೇ ಹೊರಟಿತು. ಓಪಲ್ ಗಂಡನ ತೋಳು ಹಿಂಡಿದಳು. ಆ ಹಣ್ಣು ಹೋದರೆ ಅವಳು ಅಳುತ್ತಾಳೆಂದು ವೆಂಡೆಲ್‌ಗೆ ಗೊತ್ತಿತ್ತು, ಅವಳು ಅತ್ತರೆ ಅವನಿಗೆ ನಿಜಕ್ಕೂ ತಡೆಯಲಾಗುತ್ತಿರಲಿಲ್ಲ. ಮೆಲ್ಲಗೆ ರೈಫಲ್ ಎತ್ತಿದ. ಹಲ್ಲೊಂದು ಪಿಕಪ್ಪಿನ ಕಬ್ಬಿಣದ ಅಂಚಿಗೆ ತಾಗಿತು.

ಟಿಂಂಂಂಂಂಂಂ...

ಹನ್ನೊಂದು ತಲೆಗಳು ಒಟ್ಟಿಗೆ ಮೇಲೆದ್ದವು. ವೆಂಡೆಲ್ ಗಾಬರಿಯಲ್ಲಿ ಬಂದೂಕಿನ ಕುದುರೆ ಎಳೆದ. ಢಂ!

ಬೆಂಕಿ? ಒಂದು ಕಿಡಿಯೂ ಇಲ್ಲ! ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ವೆಂಡೆಲ್‌ಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಹಂದಿಯ ನೆತ್ತಿಗಿಂತ ಆರಡಿ ಮೇಲೆ, ಹಿಂದಿನ ಮಣ್ಣಿನ ದಿಬ್ಬದಲ್ಲಿ ಗುಂಡು ಹೊಕ್ಕು ಧೂಳೆದ್ದದ್ದು ಕಂಡಿತು. ಹಂದಿಗಳ ಬಾಲ ಕೂಡ ಬಿಡಿಬಿಡಿಯಾಗಿ ಕಂಡವು.

ಹೊಲ ಖಾಲಿಯಾಯಿತು. ಉಕ್ಕು ಮಾತ್ರ ಇನ್ನೂ ಗುನುಗುತ್ತಿತ್ತು.

"ಈ ಸಲ ಕಣ್ಣಿಗೆ ಕಾಣಿಸ್ತಾ?" ಓಪಲ್ ಕೇಳಿದಳು.

"ಕಾಣಿಸ್ತು."

"ಎಷ್ಟಿದ್ವು?"

"ಹನ್ನೊಂದು."

"ಎಷ್ಟು ಓಡಿದ್ವು?"

"...ಹನ್ನೊಂದೂ."

ಮರುದಿನ ಡೆಲ್ಬರ್ಟ್ ಬೋನು, ಬಿಯರು, ಜೋಳ, ನಾಯಿ ಸಮೇತ ಬಂದಿಳಿದ. "ಏನ್ ಭಾವ, ಮತ್ತೆ ಬೆಂಕಿ ಕಣ್ಣು ಕುಕ್ತಾ?"

ವೆಂಡೆಲ್ ಅಭ್ಯಾಸಬಲದಿಂದ ಬಾಯಿ ತೆರೆದ. ಓಪಲ್ ಮುಂಚೆ ಹೇಳಿಬಿಟ್ಟಳು: "ಬೆಂಕಿನೇ ಬರ್ಲಿಲ್ಲ ಕಣೋ. ಮೂರು ವಾರ ಕೂತು ಭಾವ ಎಲ್ಲಕ್ಕಿಂತ ಒಳ್ಳೇದನ್ನೇ ಆರಿಸಿದ್ದ. ಎಲ್ಲಾನೂ ಕಣ್ತುಂಬ ನೋಡಿದ್ದಾನೆ."

ಡೆಲ್ಬರ್ಟ್ ಬೋನಿನ ಮೇಲೆ ಬಿದ್ದು ಬಿದ್ದು ನಕ್ಕ.

ಆದರೆ ಓಪಲ್ ಬರೀ ಮಾತಿನವಳಲ್ಲ. ಹಂದಿಗಳು ಬೆದರಿದ್ದು ಯಾವುದಕ್ಕೆಂದು ಅವಳೂ ನೋಡಿದ್ದಳು. ಆ ಮೂರು ಹಲ್ಲಿನ ರತ್ನವನ್ನು ನಳಿಗೆಯಿಂದ ಬಿಚ್ಚಿ, ಸೆನೆಟರ್ ಪಕ್ಕದ ಕಂಬಕ್ಕೆ ಒಂದು ಚಮಚದ ಜೊತೆ ಕಟ್ಟಿದಳು. ಗಾಳಿ ಬೀಸಿದಾಗೆಲ್ಲ ಟಿಂಂಂಂ. ಆ ವಾರ ಒಂದು ಹಂದಿಯೂ ಬೇಲಿ ದಾಟಲಿಲ್ಲ. ಡೆಲ್ಬರ್ಟನ ಬೋನಿಗೆ ಮೂರು ಸಲ ಬಿದ್ದದ್ದು ಡೆಲ್ಬರ್ಟನ ನಾಯಿಯೇ, ಮೂರು ಸಲವೂ ಕುಡಿದು!

ಸೆನೆಟರ್ ನೂರ ಎಪ್ಪತ್ತೊಂದು ಪೌಂಡು ತೂಗಿ ಮೊದಲ ಬಹುಮಾನ ಗೆದ್ದಿತು. ಓಪಲ್ ವೇದಿಕೆ ಹತ್ತಿ, ಕಣ್ಣೊರೆಸಿಕೊಂಡು, ಇಡೀ ಊರಿನೆದುರು ಮೈಕಿನಲ್ಲಿ ಹೇಳಿದಳು: "ಇದೆಲ್ಲಾ ನನ್ನ ಗಂಡನ ಪುಣ್ಯ. ಮೂರು ವಾರ ನಿದ್ದೆಗೆಟ್ಟು ನಂಗೊಂದು ಗಂಟೆ ಆರಿಸಿಕೊಟ್ಟ."

ಸೋಮವಾರ ಬೆಳಿಗ್ಗೆ ವೆಂಡೆಲ್ ಬಂದೂಕಿನ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ನಿಂತಿದ್ದ. ಒಳಗೆ ಹೋಗಿ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ:

"ನಳಿಗೆ ತುದೀಲಿ ಬರೋ ಬೆಂಕೀನ ಇನ್ನೂ ಜಾಸ್ತಿ ಮಾಡೋ ಸಾಮಾನು ಏನಾದ್ರೂ ಇದ್ಯಾ?"